ಏರು ಹತ್ತುವ ಮುಂಚಿನ ಊಟ

ಸಂಜೆ ಸೈಕಲ್ ಸವಾರಿಗೆ ಮೂಗಿನ ಮಟ್ಟ ಉಂಡು ಬರುವ ಗಂಡಸಿಗೆ ಬುದ್ಧಿಯೂ ಇಲ್ಲ, ಬೆನ್ನೆಲುಬೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥವನೊಬ್ಬ ಮದುವೆಯಾಗಲು ನನ್ನನ್ನೇ ಕೇಳಿದ್ದ.

ಅವನು ನಮ್ಮ ಕಟ್ಟಡದ ಲಿಫ್ಟ್ ರಿಪೇರಿಯವನು. ಒಂದು ಸಲ ನಾನೂ ನನ್ನ ಸೈಕಲ್ಲೂ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಾಗ ಬಂದು ಬಾಗಿಲು ಬಿಡಿಸಿದ. ನಾನು ಥ್ಯಾಂಕ್ಸ್ ಹೇಳುವ ಬದಲು ತಡವಾಗಿದ್ದಕ್ಕೆ ಬೈದೆ. ಅವನು ನನ್ನ ಮುಖ ನೋಡಿ, ಸೈಕಲ್ ನೋಡಿ, ಮತ್ತೆ ಮುಖವನ್ನೇ ನೋಡಿ, "ನನ್ನ ಹತ್ರಾನೂ ಒಂದಿದೆ. ಜೊತೆಗೆ ಬರ್ಲಾ?" ಅಂದ. ಕಣ್ಣಲ್ಲಿ ನಗುವಿತ್ತು. ಅದು ಹಿಡಿಸಿತು. ಹಿಡಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಾನು ಕಾರ್ ಡ್ರೈವಿಂಗ್ ಕಲಿಸುವವಳು. ಇಡೀ ದಿನ ಪೆದ್ದರ ಪಕ್ಕ ಬ್ರೇಕ್ ಮೇಲೆ ಕಾಲಿಟ್ಟು ಕೂರುವ ಕೆಲಸ. ಅವನಿಗೂ ಮೊದಲ ದಿನವೇ ಪಾಠ ಮಾಡಿದೆ. "ಆರಕ್ಕೆ ಸವಾರಿ ಅಂದ್ರೆ ಊಟ ಮೂರಕ್ಕೇ ಮುಗೀಬೇಕು. ಹೊರಡೋಕೆ ಮುಂಚೆ ಬೇಕಾದ್ರೆ ಒಂದು ಬಾಳೆಹಣ್ಣು. ಅರ್ಥ ಆಯ್ತಾ?"

ಕೋಲೆ ಬಸವನ ಹಾಗೆ ತಲೆಯಾಡಿಸಿದ.

ಶನಿವಾರ ಐದೂವರೆಗೆ ಅವನು ನಮ್ಮ ಮನೆಗೆ ಬಂದರೆ ಅಮ್ಮ, "ಬರಿಹೊಟ್ಟೇಲಿ ಸೈಕಲ್ ತುಳೀತಾರೇನಪ್ಪಾ?" ಎನ್ನುತ್ತ ತಟ್ಟೆ ಇಟ್ಟಳು. ಅನ್ನ, ಕರಿದ ಆಲೂಗಡ್ಡೆ, ತಟ್ಟೆಯಗಲದ ಆಮ್ಲೆಟ್. ಅದಕ್ಕೂ ತಲೆಯಾಡಿಸಿದ! ನಾನು ನಿಂತೇ ಬಾಳೆಹಣ್ಣು ನುಂಗಿ, ಅವನನ್ನು ದುರುಗುಟ್ಟಿ ನೋಡಿ, ಟೈರಿಗೆ ಗಾಳಿ ಹಾಕಲು ಕೆಳಗೆ ಹೋದೆ. ನೀರಿನ ಟ್ಯಾಂಕಿಗೆ ಹೋಗುವ ರಸ್ತೆಯ ಏರಿನಲ್ಲಿ ಅವನು ಸೈಕಲ್ ತಳ್ಳಿಕೊಂಡು ಬಂದ. ಆಮೇಲೆ ಪ್ರತಿ ಶನಿವಾರವೂ ಅದೇ ಕಥೆ. ನಾನು ಬೈದದ್ದೆಲ್ಲ ಎಮ್ಮೆ ಮೇಲೆ ಮಳೆ ಸುರಿದಂತಾಯಿತು.

ಇಂಥವನು ಒಂದು ಸಂಜೆ ಆ ಏರಿನ ಮೇಲೆ, ಏದುಸಿರು ಬಿಡುತ್ತ, "ನನ್ನ ಮದುವೆ ಆಗ್ತೀರಾ?" ಅಂದ.

ನನಗೆ ಆಸೆಯಿತ್ತು. ಅದೇ ಭಯ. ನಮ್ಮಮ್ಮನ ಸೌಟಿಗೇ ಬೇಡ ಅನ್ನಲಾಗದವನು, ನಾಳೆ ಇವನ ಮನೆಯವರು "ನಿನ್ನ ಹೆಂಡ್ತಿ ಕೆಲಸ ಬಿಡ್ಲಿ" ಅಂದರೆ ಅದಕ್ಕೂ ತಲೆಯಾಡಿಸುತ್ತಾನೆ.

"ಬರೋ ಶನಿವಾರ ಅಮ್ಮನಿಗೆ ಊಟ ಬೇಡ ಅನ್ನಿ. ಆಮೇಲೆ ನನ್ನ ಉತ್ತರ," ಅಂದೆ.

ಆ ಶನಿವಾರ ಅಮ್ಮ ತಟ್ಟೆ ಇಟ್ಟಳು. ಅವನು ತಟ್ಟೆ ನೋಡಿದ, ನನ್ನನ್ನು ನೋಡಿದ. ಕಿವಿ ಕೆಂಪಾಯಿತು. ತಲೆ ತಗ್ಗಿಸಿ, "ಇನ್ನೊಂಚೂರು ಅನ್ನ ಹಾಕಿ ಅಮ್ಮಾ," ಅಂದ.

ಥೂ ಅನ್ನಿಸಿತು. ಬಾಗಿಲು ಧಡಾರನೆ ಎಳೆದುಕೊಂಡು ಹೊರಬಿದ್ದೆ.

ಏರಿನ ಅರ್ಧಕ್ಕೆ ಅವನು ಸೈಕಲ್ ಎಸೆದು, ರಸ್ತೆ ಪಕ್ಕ ಕೂತು, ಉಂಡದ್ದನ್ನೆಲ್ಲ ಕಕ್ಕಿದ. ನಾನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತೆ.

"ಹೊಟ್ಟೆನಾ ಗುಡಾಣನಾ ಅದು? ನನ್ನ ಉತ್ತರ ಏನು ಅಂತ ಗೊತ್ತಾಯ್ತಲ್ಲ?"

ಅವನು ತೋಳಿಂದ ಮುಖ ಒರೆಸಿಕೊಂಡ. "ಅಮ್ಮನ ಎದುರಿಗೆ ನೀವು ಯಾವತ್ತಾದ್ರೂ ಊಟಕ್ಕೆ ಕೂತಿದ್ದೀರಾ?"

"ಅದಕ್ಕೂ ಇದಕ್ಕೂ ಏನು?"

"ನನಗೆ ಬಡಿಸ್ತಾ ಅವರೂ ತಟ್ಟೆ ಇಟ್ಕೋತಾರೆ. ನಾನು ಇನ್ನೊಂದು ತುತ್ತು ತಿಂದ್ರೆ ಅವರೂ ತಿಂತಾರೆ. ಸಾಕು ಅಂದ್ರೆ, ಅವರೂ ಕೈ ತೊಳ್ಕೊಂಡುಬಿಡ್ತಾರೆ. ನಿಮ್ಮಪ್ಪ ಹೋದ್ಮೇಲೆ ಒಬ್ರೇ ಕೂತ್ರೆ ಅನ್ನ ಗಂಟಲಲ್ಲಿ ಇಳಿಯಲ್ವಂತೆ."

ನಾನು ಬೆಳಗ್ಗೆ ಬ್ರೆಡ್ ಕಚ್ಚಿಕೊಂಡು ಓಡುವವಳು, ರಾತ್ರಿ ಹೊರಗೇ ತಿಂದು ಬರುವವಳು. "ನಿಂದಾಯ್ತಾ ಅಮ್ಮಾ?" ಅಂದರೆ "ಆಯ್ತು" ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ, ನಂಬುವುದು ಸುಲಭವಾಗಿತ್ತು. ದಿನವಿಡೀ ಕಲಿಯುವವರಿಗೆ "ಕನ್ನಡಿ ನೋಡ್ರೀ!" ಅಂತ ಅರಚುವವಳು ಮನೆಯೊಳಗೆ ಮಾತ್ರ ತಿರುಗಿ ನೋಡಿರಲಿಲ್ಲ.

"ನನಗೆ ಹೇಳೋಕೇನಾಗಿತ್ತು?"

"ಮಗಳಿಗೆ ಹೇಳ್ಬೇಡ ಅಂದಿದ್ರು. ಇವತ್ತು ಅವರ ಮಾತು ಮೀರಿದೆ. ನಿಮ್ಮ ಮಾತೂ ಮೀರ್ತೀನಿ. ನೀವು ನನ್ನ ಒಲ್ಲೆ ಅಂದ್ರೂ ಸರಿ, ಅವರಿಗೆ ಮಾತ್ರ ಬೇಡ ಅನ್ನಲ್ಲ."

ಈ ಸಲ ತಲೆ ತಗ್ಗಿಸಲಿಲ್ಲ, ನೋಟ ಅಲ್ಲಾಡಲಿಲ್ಲ. ಆ ಗಳಿಗೆಯಲ್ಲಿ ಅವನ ಮೇಲೆ ಉಕ್ಕಿದ ಪ್ರೀತಿಗೆ ಅವನನ್ನು ನಾಲ್ಕು ಬಾರಿಸಬೇಕು ಅನ್ನಿಸಿತು.

"ಇನ್ಮೇಲೆ ಶನಿವಾರ ಎರಡೂವರೆಗೇ ಬಾ," ಅಂದೆ. "ಮಧ್ಯಾಹ್ನದ ಕ್ಲಾಸು ರದ್ದು ಮಾಡ್ತೀನಿ. ಮೂವರೂ ಕೂತು ಉಣ್ಣೋಣ."

"ಮಿಕ್ಕ ದಿನ?"

"ಮಿಕ್ಕ ದಿನ ನಾನು ಕೂರ್ತೀನಿ. ಮದುವೆ ಆದ್ಮೇಲೆ ನೀನೂ ಇರ್ತೀಯಲ್ಲ, ಪೆದ್ದ!"

ಅವನು ಎದ್ದು, ಎರಡೂ ಕೈ ಚಾಚಿ ಹತ್ತಿರ ಬಂದ.

"ದೂರ, ದೂರ! ಮೊದಲು ಬಾಯಿ ಮುಕ್ಕಳಿಸು," ಅಂತ ನನ್ನ ನೀರಿನ ಬಾಟಲಿ ಅವನ ಎದೆಗೆ ಒತ್ತಿದೆ.

ಬಾಟಲಿ ಖಾಲಿಯಾಗುವವರೆಗೂ ಮುಕ್ಕಳಿಸಿದ. ನಾನು ಕಾದೆ.