‘ಬಾ’ ಅನ್ನಬಾರದ ಬಾಗಿಲು

“ಅಳಿಯಂದ್ರೇ, ಆ ಮೊಳೆ ಕೀಳ್ಬೇಡ್ರೀ. ಆ ಬಾಗ್ಲಲ್ಲಿ ‘ಬನ್ನಿ’ ಅಂತ ಯಾರೂ ಅನ್ನೋಹಾಗಿಲ್ಲ.”

ಅತ್ತೆ ಕರಿಬಸಮ್ಮನ ಮಾತಿಗೆ ಓಂಕಾರೇಶ ಜೋರಾಗಿ ನಕ್ಕುಬಿಟ್ಟ. ತರೀಕೆರೆಯ ಸ್ಟುಡಿಯೊ ಮುಚ್ಚಿ, ಹೆಂಡತಿ ಸಂಗೀತಾ ಮತ್ತು ಐದು ವರ್ಷದ ಮಗಳು ಗಾನವಿಯೊಂದಿಗೆ ಅವನು ಅಜ್ಜಂಪುರದ ಅತ್ತೆಮನೆಗೆ ಬಂದು ತಿಂಗಳಾಗಿತ್ತಷ್ಟೆ. ಮದುವೆಮನೆಗಳಿಗೆ ಒಯ್ಯಲು ತಾನೇ ಒಂದು ಫೋಟೊ ಬೂತ್ ಕಟ್ಟುತ್ತಿದ್ದ. ಒಳಗೊಂದು ಕ್ಯಾಮೆರಾ, ಹಳೆಯ ಲ್ಯಾಪ್‌ಟಾಪು, ತಾನೇ ಬರೆದ ಸಾಫ್ಟ್‌ವೇರು. ಅದು ಜನರನ್ನು ಮಾತಾಡಿಸಿ ಕರೆಯಬೇಕು, ಮುಖ ಕಂಡರೆ ಹಸಿರು ಚೌಕ ಹಾಕಿ ಫೋಟೊ ತೆಗೆಯಬೇಕು. ಬಾಗಿಲಿಗೆಂದು ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಬಾಗಿಲುವಾಡವನ್ನು ಎಳೆದು ತಂದಿದ್ದ. ಅದರ ಹೊಸ್ತಿಲಿನ ನಡುವೆ ಹೆಬ್ಬೆರಳು ಗಾತ್ರದ ಕಬ್ಬಿಣದ ಮೊಳೆ.

“ನಮ್ಮ ಮಾವನೋರ ಕಾಲ್ದಲ್ಲಿ ದಾಯಾದಿಗಳು ಮಾಟ ಮಾಡ್ಸಿದ್ರು ಕಣ್ರೀ. ಮನೇಲಿ ಎರಡು ಕೂಸು ಹೋದ್ವು. ಮೊದ್ಲು ಮಾತು ಹೋಗೋದು, ಆಮೇಲೆ ಉಸ್ರು. ಈ ಮೊಳೆ ಹೊಡ್ದು ಅದನ್ನ ಕಟ್ಟಿದಾರೆ. ಬಾ ಅಂದ್ರೆ ಬತ್ತೈತೆ. ನಾವು ಆ ಹೊಸ್ತ್ಲು ದಾಟೋವಾಗ ‘ಹೋಗ್ಬತ್ತೀನಿ’ ಅಂತಾನೂ ಅಂತಿರ್ಲಿಲ್ಲ. ‘ಹೊರಟೆ’ ಅಂತಿದ್ವಿ, ಅಷ್ಟೇ.”

“ಚೆನ್ನಾಗೈತೆ ಅತ್ತೆ! ಮದುವೆಗೆ ಬಂದೋರ್ನ ನನ್ನ ಮಷೀನು ‘ಹೋಗಿ ಹೋಗಿ’ ಅಂತ ಕರೀಬೇಕಾ?”

ಇಕ್ಕಳ ಹಾಕಿ ಕಿತ್ತೇಬಿಟ್ಟ. ತೂತಿನಿಂದ ಒಂದು ಹಿಡಿ ಕೂದಲು ಬಂತು. ಸುಟ್ಟ ಕೂದಲಿನ, ಕಮಟು ಹರಳೆಣ್ಣೆಯ ವಾಸನೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಭಂಡ.

ಮಷೀನಿಗೆ ಗಾನವಿಯ ದನಿಯನ್ನೇ ಹಾಕಿದ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವಾಗ ಅವಳು “ಅಪ್ಪಾ, ಬರ್ಲಾ?” ಎನ್ನುತ್ತಿದ್ದಳು; ಅವನು “ಬಾ ಮಗಳೇ” ಎಂದ ಮೇಲಷ್ಟೇ ಮೆಟ್ಟಿಲಿಳಿಯುತ್ತಿದ್ದಳು. ಆ ದನಿ ಅವನ ಜೀವ. “ಬನ್ನಿ, ಬನ್ನಿ, ಒಳಗೆ ಬನ್ನಿ!” ಎಂದು ಅವಳು ಕುಣಿಯುತ್ತ ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡ.

ಮರುದಿನ ಮಧ್ಯಾಹ್ನ ಹಜಾರದಲ್ಲಿ ಬೂತ್ ನಿಲ್ಲಿಸಿ, ಕಪ್ಪು ಬಟ್ಟೆ ಇಳಿಬಿಟ್ಟು, ಚಾಲೂ ಮಾಡಿದ. ಮುಂದೆ ಯಾರೂ ಇರಲಿಲ್ಲ. “ಬನ್ನಿ, ಬನ್ನಿ,” ಎಂದಿತು ಬೂತ್. ಲ್ಯಾಪ್‌ಟಾಪಿನ ಪರದೆಯಲ್ಲಿ ಬೂತಿನೊಳಗಿನ ಖಾಲಿ ಸ್ಟೂಲು ಕಂಡಿತು. ಸ್ಟೂಲಿನ ಮೇಲೆ ಹಸಿರು ಚೌಕ ಮೂಡಿತು. ಎಲ್ಲೋ ಕೋಡ್ ತಪ್ಪಿದೆ ಎಂದುಕೊಂಡ. ಒಂದು ಸಾಲು ತಿದ್ದಿದ. ಚೌಕ ಹತ್ತಿರ ಬಂತು. ದೊಡ್ಡದಾಯಿತು. ಪರದೆ ತುಂಬಿತು. ಕ್ಲಿಕ್.

ಹರಳೆಣ್ಣೆಯ ವಾಸನೆ ಗಪ್ಪನೆ ಬಡಿಯಿತು.

ತಿರುಗಿ ನೋಡಿದ. ಗಾನವಿ ಬೂತಿನ ಹೊಸ್ತಿಲ ಬಳಿ ನಿಂತಿದ್ದಳು. ತುಟಿ ಆಡುತ್ತಿತ್ತು. ದನಿ ಇಲ್ಲ.

“ಅಪ್ಪಾ,” ಎಂದಿತು ಬೂತ್.

ಆ ಮಾತನ್ನು ಅವನು ರೆಕಾರ್ಡ್ ಮಾಡಿರಲಿಲ್ಲ. ಪ್ಲಗ್ ಕಿತ್ತ. ಲ್ಯಾಪ್‌ಟಾಪು ಮುಚ್ಚಿದ. “ಅಪ್ಪಾ, ಕತ್ಲು.” ಬಟ್ಟೆ ಹರಿದ. ಯಾರೂ ಇಲ್ಲ. ಗಾನವಿ ಕುಸಿದಳು. ಎದೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ.

ಕರಿಬಸಮ್ಮ ಮೊಳೆ, ಸುತ್ತಿಗೆ ತಂದು ಅವನ ಕೈಗಿಟ್ಟಳು. “ಹೊಡೀರಿ. ಉಸ್ರು ಹೋಗೋಕ್ಮುಂಚೆ.”

“ಅವಳ ಮಾತು?”

“ಒಳಗೆ ಹೋಗಿದ್ದು ಒಳಗೇ ಉಳೀತೈತೆ. ಹೊಡೀರಿ!”

ಹೊಡೆದ. “ಅಪ್ಪಾ, ನೋಯ್ತದೆ.” ಹೊಡೆದ. “ನಾನು ಕಣಪ್ಪಾ!” ಕಣ್ಣು ಮುಚ್ಚಿ ಹೊಡೆದ. ಸದ್ದಡಗಿತು. ಸಂಗೀತಾಳ ತೊಡೆಯ ಮೇಲೆ ಮಗು ಮತ್ತೆ ಉಸಿರಾಡತೊಡಗಿತು.

ಗಂಟಲಲ್ಲಿ ದೋಷವೇನಿಲ್ಲ ಎಂದರು ಡಾಕ್ಟರು. ಓಂಕಾರೇಶ ತಲೆಯಾಡಿಸಿದ. ಅವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಉಣ್ಣುತ್ತಿದ್ದ, ರುಚಿ ತಿಳಿಯುತ್ತಿರಲಿಲ್ಲ. ಬಾಗಿಲುವಾಡ ಮತ್ತೆ ಕೊಟ್ಟಿಗೆ ಸೇರಿತು.

ಒಂದು ಬೆಳಿಗ್ಗೆ ಹಾಲು ಕರೆಯಲು ಹೋದ ಸಂಗೀತಾ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಕೊಟ್ಟಿಗೆಯ ನೆಲದಲ್ಲಿ ಮಲಗಿ ಆ ಬಾಗಿಲುವಾಡದ ಹೊಸ್ತಿಲಿಗೆ ಕಿವಿಯಿಟ್ಟಿದ್ದಳು.

“ದಿನಾ ಕೇಳ್ತಾಳೆ ಕಣ್ರೀ,” ಎಂದಳು.

ಅವನೂ ಕಿವಿಯಿಟ್ಟ. ಮರದೊಳಗಿಂದ, ಸಣ್ಣಗೆ.

“ಅಪ್ಪಾ, ಬರ್ಲಾ?”

ಸಂಗೀತಾಳ ಬಾಯಿ ತೆರೆಯಿತು. ಅವನು ಅಂಗೈಯಿಂದ ಒತ್ತಿ ಮುಚ್ಚಿದ. ಇನ್ನೊಂದು ಕೈಯಿಂದ ತನ್ನ ಬಾಯನ್ನು ಮುಚ್ಚಿಕೊಂಡ. ಅಂಗಳದಲ್ಲಿ ಗಾನವಿ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು, ಅಪ್ಪ ‘ಬಾ’ ಅನ್ನಲೆಂದು ಕಾಯುತ್ತ ನಿಂತಿದ್ದಳು.