ಬ್ರದರ್ ಇನ್ನಾಸಪ್ಪನ ಪತ್ರಗಳು

ರಘುರಾಮ ಶೆಟ್ಟರ ಕೈಯಲ್ಲಿದ್ದ ಪತ್ರ ಬಂದು ನಾಲ್ಕೇ ದಿನವಾಗಿತ್ತು. ಅದನ್ನು ಬರೆದವನು ಸತ್ತು ಎರಡು ವರ್ಷವಾಗಿತ್ತು.

"ಇನ್ನೊಮ್ಮೆ ಹೇಳಿ ಫಾದರ್," ಎಂದರು ಶೆಟ್ಟರು. ಇನ್ನಾಸಪ್ಪನ ದೀಕ್ಷೆಯ ನಿಲುವಂಗಿಗೆಂದು ತಂದ ಬಿಳಿ ಬಟ್ಟೆಯ ಪೊಟ್ಟಣ ಅವರ ತೊಡೆಯ ಮೇಲಿತ್ತು.

ಪಾದ್ರಿಗಳಾಗುವವರನ್ನು ಓದಿಸುವ ಆ ಸೆಮಿನರಿಯ ಮುಖ್ಯಸ್ಥ ಫಾದರ್ ವಲೇರಿಯನ್ನರ ಮುಖ ಬಿಳಿಚಿತ್ತು. "ನಮ್ಮ ವಿದ್ಯಾರ್ಥಿ ಬ್ರದರ್ ಇನ್ನಾಸಪ್ಪ ರಜೆಗೆ ರಾಯಚೂರು ಕಡೆಯ ತನ್ನ ಊರಿಗೆ ಹೋಗಿದ್ದಾಗ ಡೆಂಗ್ಯೂ ಬಂದು ತೀರಿಕೊಂಡ. ನಿಮಗೆ ಪತ್ರ ಬರೆದು ತಿಳಿಸಿದ್ದೆವು. ಉತ್ತರ ಬರಲಿಲ್ಲ. ಹಣವೂ ನಿಂತಿತು."

"ಎಂತ ನಿಂತದ್ದು? ಪ್ರತಿ ತಿಂಗಳೂ ಕೊಟ್ಟಿದ್ದೇನೆ ಮಾರಾಯ್ರೆ!"

ಶೆಟ್ಟರದು ಪುಣೆಯ ಮಗರಪಟ್ಟಾದಲ್ಲಿ ಉಡುಪಿ ಹೋಟೆಲು. ಚಿಕ್ಕಂದಿನಲ್ಲಿ ಊರಿನ ಪಾದ್ರಿಯೊಬ್ಬರು ಅವರ ಶಾಲೆಯ ಫೀಸು ಕಟ್ಟಿದ್ದರು. ಆ ಋಣಕ್ಕಾಗಿ ಅವರು ಇನ್ನಾಸಪ್ಪನ ಓದಿನ ಖರ್ಚು ಹೊತ್ತಿದ್ದರು. ವರ್ಷಕ್ಕೊಮ್ಮೆ ತಮ್ಮ ಹೋಟೆಲಿನಲ್ಲಿ ಊಟ ಹಾಕಿಸಿ, ಪುಣೆಯ ಬೇರೆ ಹೋಟೆಲಿನವರಿಂದಲೂ ಸೆಮಿನರಿಗೆ ದೇಣಿಗೆ ಎತ್ತುತ್ತಿದ್ದರು.

ಫಾದರ್ ತಲೆ ತಗ್ಗಿಸಿದರು. "ಹೋಟೆಲಿನವರ ದೇಣಿಗೆಯೂ ಬರಲಿಲ್ಲ. ಈ ವರ್ಷ ಸೇರಲು ಬಂದ ಇಬ್ಬರು ಹುಡುಗರನ್ನು ಮುಂದಿನ ವರ್ಷ ನೋಡೋಣ ಎಂದು ವಾಪಸು ಕಳಿಸಿದೆವು."

ಶೆಟ್ಟರು ಎದೆ ಹಿಡಿದುಕೊಂಡು ಕುಳಿತರು. ಫಾದರ್ ಪೊಲೀಸರಿಗೆ ಫೋನು ಮಾಡಿದರು.

* * *

ಪಿಎಸ್‌ಐ ಶೈಲಶ್ರೀ ಹಿರೇಮಠ ಅರ್ಧ ಗಂಟೆಯಲ್ಲಿ ಬಂದಳು. ವಿಜಯಪುರದ ಮನೆತನ, ಹುಟ್ಟಿ ಬೆಳೆದದ್ದು ಪುಣೆಯ ಸದಾಶಿವ ಪೇಠದಲ್ಲಿ. ಪತ್ರವನ್ನು ಗಟ್ಟಿಯಾಗಿ ಓದಿದಳು.

"'ತಮ್ಮ ಮನೆಯ ಅಮ್ಮನವರ ಮೊಣಕಾಲಿನ ಆಪರೇಶನ್ ಚೆನ್ನಾಗಿ ಆಗಲೆಂದು ಭಾನುವಾರ ನಾನೇ ಬಲಿಪೂಜೆ ಅರ್ಪಿಸಿದೆ. ಮುಂದಿನ ತಿಂಗಳು ನಮ್ಮೂರಲ್ಲಿ ನನ್ನ ಗುರುದೀಕ್ಷೆ. ಖರ್ಚಿಗೆ ಹೋಟೆಲಿನವರೆಲ್ಲ ಸೇರಿ ಸಹಾಯ ಮಾಡಬೇಕು. ತಾವು ಬರುವ ತೊಂದರೆ ತೆಗೆದುಕೊಳ್ಳಬೇಡಿ.'"

"ದೀಕ್ಷೆಯಾಗದೆ ಬಲಿಪೂಜೆಯೇ? ಚರ್ಚಿನ ಆ ಪೂಜೆಯನ್ನು ದೀಕ್ಷೆ ಪಡೆದು ಪಾದ್ರಿಯಾದವನು ಮಾತ್ರ ಅರ್ಪಿಸಬಹುದು," ಎಂದು ಫಾದರ್ ಗೊಣಗಿದರು.

ಶೈಲಶ್ರೀ ಶೆಟ್ಟರ ಕಡೆ ತಿರುಗಿದಳು. "ಇದು ಕಂಪ್ಯೂಟರಿನ ಅಕ್ಷರ ಅದ. ಮೊದಲಿಂದ ಹಿಂಗ ಬರ್ತಿತ್ತೇನ್ರಿ?"

"ಇಲ್ಲ, ಮೊದಲು ಕೈಯಲ್ಲೇ ಬರೆಯುತ್ತಿದ್ದ. ಎರಡು ವರ್ಷದಿಂದ ಹೀಗೆ. ಟೈಪಿಂಗ್ ಕಲಿತೆ ಅಂತ ಬರೆದಿದ್ದ."

"ಅಕ್ಕಾರ ಆಪರೇಶನ್ ಸುದ್ದಿ ಅವಗ ನೀವು ತಿಳಿಸಿದ್ರೇನು?"

"ಇಲ್ಲ. ಹೆಂಡತಿಗೆ ಆಪರೇಶನ್ ಬೇಕು ಅಂತ ಡಾಕ್ಟರು ಹೇಳಿದ್ದೇ ಹೋದ ವಾರ."

"ರೊಕ್ಕ ಯಾರ ಕೈಯಾಗ ಕೊಡ್ತಿದ್ರಿ?"

"ಸೆಮಿನರಿಯ ಗುಮಾಸ್ತ ಅಂಬಾದಾಸ ಬರುತ್ತಾನೆ. ಪತ್ರ, ರಸೀದಿ ಕೊಟ್ಟು ಹಣ ಒಯ್ಯುತ್ತಾನೆ. ಬೆಳಿಗ್ಗೆ ಕ್ಯಾಶಿನಲ್ಲಿ ನನ್ನ ಹೆಂಡತಿಯ ತಮ್ಮ ಮನೋಹರ ಇರುತ್ತಾನೆ. ಅವನೇ ಕೊಡುವುದು."

ಫಾದರ್ ಬೆಚ್ಚಿಬಿದ್ದರು. "ಅಂಬಾದಾಸ? ಅವನು ನಮ್ಮಲ್ಲಿ ಕೆಲಸ ಬಿಟ್ಟು ಒಂದೂವರೆ ವರ್ಷವಾಯಿತು! ಊರ ಹೊರಗೆ ಚಾಕಣದ ಕಾರ್ಖಾನೆ ಸೇರಿದ."

ಶೈಲಶ್ರೀ ಜೀಪಿನತ್ತ ಓಡಿದಳು.

* * *

ಚಾಕಣದ ಕಾರ್ಖಾನೆಯ ಗೇಟಿನಲ್ಲಿ ಅಂಬಾದಾಸ ಕಾವಲು ಕುಳಿತಿದ್ದ. ಸೊಲ್ಲಾಪುರದವನು. ಕನ್ನಡ ಕೇಳಿ ಮುಖ ಅರಳಿತು. ವಿಷಯ ಕೇಳಿ ಕಂಗಾಲಾದ.

"ನನ್ನ ಹೆಸರಿಲೆ ಯಾರೋ ರೊಕ್ಕ ತಗೊಂಡಾರ? ಬ್ರದರ್ ತೀರಿಕೊಂಡ ಮ್ಯಾಲೆ ಆ ಹೋಟೆಲ್ಲಿಗೆ ಕಾಲಿಟ್ಟಿಲ್ರಿ. ಇಲ್ಲಿ ನೋಡ್ರಿ."

ಅವನು ಬಲಗೈ ಚಾಚಿದ. ನಾಲ್ಕು ಬೆರಳುಗಳಿರಲಿಲ್ಲ.

"ಹ್ವಾದ ವರ್ಷ ಮಶೀನಿನಾಗ ಹ್ವಾದುವು. ಅದಕ್ಕ ಗೇಟಿನ ಕೆಲಸ ಕೊಟ್ಟಾರ."

"ಇನ್ನಾಸಪ್ಪ ತೀರಿಕೊಂಡ ಸುದ್ದಿ ಶೆಟ್ಟರಿಗೆ ಕಳಿಸಿದವರು ಯಾರು?"

"ನಾನ ರಿಜಿಸ್ಟರ್ ಪೋಸ್ಟ್ ಮಾಡಿದ್ದೆ. ಮುಟ್ಟಿದ್ದಕ್ಕ ಸಹಿ ಮಾಡಿದ ಕಾರ್ಡು ವಾಪಸ್ ಬಂದಿತ್ತು. ಸೆಮಿನರಿ ಫೈಲಿನಾಗ ಇರ್ತದ."

"ನಾಳೆ ನನ್ನ ಜೋಡಿ ಬರ್ರಿ," ಎಂದಳು ಶೈಲಶ್ರೀ.

* * *

ಮರುದಿನ ಮಧ್ಯಾಹ್ನ ಹೋಟೆಲಿನ ಬಾಗಿಲು ಅರ್ಧ ಎಳೆದಿತ್ತು. ಶೆಟ್ಟರು, ಕೋಲೂರಿ ಬಂದ ಅವರ ಹೆಂಡತಿ ಲೀಲಾಕ್ಷಿ, ಫಾದರ್ ಒಂದೇ ಮೇಜಿಗೆ ಕುಳಿತಿದ್ದರು. ಮನೋಹರ ಕ್ಯಾಶಿನ ಬಳಿ ನಿಂತಿದ್ದ.

"ಅಂಬಾದಾಸ ಈ ತಿಂಗಳು ಬಂದಿದ್ದನೇನ್ರಿ?" ಶೈಲಶ್ರೀ ಕೇಳಿದಳು.

"ಒಂದನೇ ತಾರೀಕು ಬಂದಿದ್ದ ಮೇಡಂ. ಇಲ್ಲೇ ನಿಂತು ರಸೀದಿ ಬರೆದುಕೊಟ್ಟ."

"ನಿಮ್ಮ ಕಣ್ಣ ಮುಂದ?"

"ನನ್ನ ಪೆನ್ನಿನಲ್ಲೇ."

"ಯಾವ ಕೈಲೆ?"

ಮನೋಹರ ನಕ್ಕ. "ಬಲಗೈಯಲ್ಲಿ. ಮತ್ತೆ?"

ಅಡುಗೆಮನೆಯ ಬಾಗಿಲಿನಿಂದ ಅಂಬಾದಾಸ ಬಂದ. ಬಲಗೈ ಎತ್ತಿ ತೋರಿಸಿದ.

ಮನೋಹರನ ನಗು ಹಾಗೇ ನಿಂತಿತು. ಲೀಲಾಕ್ಷಿಯ ಕೋಲು ನೆಲಕ್ಕೆ ಬಿತ್ತು.

"ಪತ್ರದಾಗ ಒಂದು ತಪ್ಪಿತ್ತು," ಎಂದಳು ಶೈಲಶ್ರೀ. "ದೀಕ್ಷೆ ಆಗದವ ಬಲಿಪೂಜೆ ಅರ್ಪಿಸೂದಿಲ್ಲ. ಸೆಮಿನರಿಯಾಗ ಇದ್ದವರು, ಅಲ್ಲಿ ದುಡಿದ ಅಂಬಾದಾಸನೂ, ಹಂಗ ಬರಿಯೂದಿಲ್ಲ. ಅಂದ್ರ ಬರದವ ಹೊರಗಿನವ. ಆದ್ರ ಅಕ್ಕಾರ ಮೊಣಕಾಲಿನ ಸುದ್ದಿ ಅವಗ ಗೊತ್ತಿತ್ತು. ಅಂದ್ರ ಮನಿಯವ. ಎರಡು ವರ್ಷದಾಗ ಅಂಬಾದಾಸನ್ನ ನೋಡೇನಿ ಅಂದವರು ನೀವೊಬ್ಬರ." ಅವಳು ಅಂಚೆಯ ಹಳೆಯ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಸಾವಿನ ಪತ್ರಕ್ಕ ಸಹಿ ಮಾಡಿದವರೂ ನೀವ."

ಮನೋಹರ ಕುರ್ಚಿ ಎಳೆದು ಕುಳಿತ.

"ಆಗ ಭಾವನಿಗೆ ಬೈಪಾಸ್ ಆಗಿ ಎಂಟು ದಿನ. ಆಘಾತ ಆಗಬಾರದು ಎಂದಿದ್ದರು ಡಾಕ್ಟರು. ಅದಕ್ಕೆ ಪತ್ರ ಮುಚ್ಚಿಟ್ಟೆ, ದೇವರಾಣೆ. ಅಂಬಾದಾಸ ಆಮೇಲೆ ಬರಲೇ ಇಲ್ಲ. ಮೊದಲ ತಿಂಗಳ ಹಣ ಡ್ರಾಯರಿನಲ್ಲೇ ಇತ್ತು. ಎರಡನೇ ತಿಂಗಳು ತೆಗೆದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಪತ್ರ ಬರದಿದ್ದರೆ ಭಾವ ಕೇಳುತ್ತಿದ್ದರು…"

"ಅಷ್ಟೂ ಹೋಟೆಲಿನವರ ಮುಂದೆ ಇವರು ಕೈಚಾಚಿದ್ದು ನಿನಗಾಗಿಯಾ?" ಎಂದು ಲೀಲಾಕ್ಷಿ ತಮ್ಮನನ್ನು ಕೇಳಿದರು. "ಕರಕೊಂಡು ಹೋಗಿ ಮೇಡಂ. ತಮ್ಮ ಅಂತ ನೋಡಬೇಡಿ."

ಜೀಪು ಹೋದ ಮೇಲೆ ಶೆಟ್ಟರು ಫಾದರ್‌ರನ್ನು ಕೇಳಿದರು, "ಇನ್ನಾಸಪ್ಪನಿಗೆ ತಾಯಿ ಇದ್ದಾರಾ?"

"ಇದ್ದಾರೆ. ಮರಿಯವ್ವ." ಫಾದರ್ ತಮ್ಮ ಫೋನಿನಿಂದಲೇ ಕರೆ ಮಾಡಿ ಶೆಟ್ಟರ ಕೈಗೆ ಕೊಟ್ಟರು.

"ಅಮ್ಮ, ನಾನು ಪುಣೆಯಿಂದ… ರಘುರಾಮ ಶೆಟ್ಟಿ."

ಆ ಕಡೆಯಿಂದ ಮುದಿ ದನಿ ಕೇಳಿತು.

"ಶೆಟ್ಟರಾ? ಎರಡು ವರ್ಷಾತಲ್ರೀ ಯಪ್ಪಾ. ಮಗ ಸಾಯೂಮುಂದ ನಿಮ್ಮ ಹೆಸರು ಹೇಳಿದ್ದ. ನೀವು ಒಂದು ಮಾತೂ ಕೇಳಲಿಲ್ಲಲ್ಲ ಅಂತ ಭಾಳ ಅತ್ತೀನ್ರಿ."