ಕಟ್ಟಿನೊಳಗಿನ ಕೊರಳು

ಪರೀಕ್ಷೆಗೆಂದು ಚನ್ನವೀರಪ್ಪ ತುಟಿ ಅಲ್ಲಾಡಿಸಿದರು. ಕೊರಳಿಗೆ ಸುತ್ತಿದ್ದ ಬೂದುಬಣ್ಣದ ಪಟ್ಟಿ ಮಾತಾಡಿತು: "ಅವ್ವಾ, ಉಣ್ತಿ ಏನ?"

ಅದು ಅವರದೇ ಧ್ವನಿ. ಕ್ಯಾನ್ಸರಿನಿಂದಾಗಿ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯುವ ಮೊದಲು ಧಾರವಾಡದ ಈ ಪ್ರಯೋಗಾಲಯದಲ್ಲೇ ಅದನ್ನು ಮುದ್ರಿಸಿಕೊಂಡಿದ್ದರು. ಕೊರಳುಪಟ್ಟಿ ಸ್ನಾಯುಗಳ ಚಲನೆಯಿಂದ ಮಾತನ್ನು ಗುರುತಿಸುತ್ತದೆ. ಅದನ್ನು ಯಾರ ಧ್ವನಿಯಲ್ಲಿ ಆಡಬೇಕೆಂಬುದು ಸ್ವರಕಡತದಲ್ಲಿರುತ್ತದೆ. ತಂತ್ರಾಂಶವನ್ನೂ ಸ್ವರಕಡತವನ್ನೂ ಒಂದೇ ಕಟ್ಟಾಗಿ ಮಾಡಿ ಪಟ್ಟಿಯೊಳಗೆ ತುಂಬಿ ಕಳಿಸುತ್ತಾರೆ.

"ಸರಿ ಐತಲ್ರಿ," ಎಂದರು ಪಟ್ಟಿಯನ್ನು ರೂಪಿಸಿದ ಡಾ. ಪ್ರಫುಲ್ಲಾ. ಇದೇ ದೂರು ಹಿಡಿದು ಚನ್ನವೀರಪ್ಪ ಹಿಂದೆಯೂ ಬಂದಿದ್ದರು.

"ಇಲ್ಲಿ ಸರಿನ ಇರ್ತೈತ್ರಿ ಮೇಡಂ. ಮನಿಗೆ ಹೋದ್ರ ಬ್ಯಾರೆ ಯಾರೋ ಮಾತಾಡ್ತಾರ."

ಹುಬ್ಬಳ್ಳಿಯ ಮನೆಯಲ್ಲಿ ಇದ್ದವರು ಇಬ್ಬರೇ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಚನ್ನವೀರಪ್ಪ ಮತ್ತು ತಾಯಿ ನೀಲವ್ವ. ಮುದುಕಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು, ನೆನಪೂ ಸಡಿಲವಾಗಿತ್ತು. ಮಗ ಪಟ್ಟಿ ಕಟ್ಟಿಕೊಂಡು ಮೊದಲ ಸಲ "ಅವ್ವಾ" ಎಂದಾಗ ಆಕೆ ಕಿರುಚಿದ್ದಳು. ಬಾಯಿಗೆ ಬಂದ ತುತ್ತನ್ನು ತಳ್ಳಿದ್ದಳು.

"ಯಾರ್ರಿ ನೀವು? ನಮ್ಮ ಚನ್ನ್ಯಾ ಎಲ್ಲಿ?"

ಅಂದಿನಿಂದ ಉಣ್ಣಿಸುವಾಗ, ಸ್ನಾನ ಮಾಡಿಸುವಾಗ ಅವರು ಮಾತಾಡುವುದನ್ನೇ ಬಿಟ್ಟರು. ಆ ಕೈಗಳು ಆಕೆಗೆ ಗೊತ್ತಿದ್ದವು. ಮಗ ಇದ್ದಾನೆ, ಆದರೆ ಮೂಕನಾಗಿದ್ದಾನೆ ಎಂದುಕೊಂಡಳು. ಮಧ್ಯಾಹ್ನ ಮಂಚದ ಬಳಿ ಕುಳಿತು ನಾಲ್ಕು ಮಾತಾಡಿದರೆ, ಯಾರೋ ಸಭ್ಯರು ಮಾತಾಡಿಸಲು ಬಂದಿದ್ದಾರೆಂದು ಮೆಲ್ಲಗೆ ಒಪ್ಪಿಕೊಂಡಳು.

ಒಂದು ಮಧ್ಯಾಹ್ನ ಆ ಸಭ್ಯರಿಗೆ ಹೇಳಿದಳು: "ನಮ್ಮ ಚನ್ನ್ಯಾ, ನನ್ನ ಸೀರಿ ಅವನ ಒಗೀತಾನ್ರಿ. ನಾಚಿಕಿ ಬರ್ತೈತಿ. ಅದಕ್ಕ ಬೈತೀನಿ. ಚಲೋ ಮಾತಾಡಾಕ ಹೋದ್ರ ಅತ್ತಬಿಡ್ತೀನಿ ಅಂತ ಹೆದರಿಕಿ."

ತಾಯಿಯ ಬಾಯಲ್ಲಿ ಬೈಗುಳವಲ್ಲದ ಮಾತು ಚನ್ನವೀರಪ್ಪನವರಿಗೆ ಹೊಸದು.

ಈ ಸಲ ಪ್ರಫುಲ್ಲಾ ತಾವೇ ಹುಬ್ಬಳ್ಳಿಗೆ ಹೊರಟರು. ಬೇರೆ ಊರುಗಳಿಂದಲೂ ಇದೇ ದೂರು ಬರತೊಡಗಿತ್ತು. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ ಅವರಿಗೇ ನೆನಪಿರಲಿಲ್ಲ. ಮನೆಯ ಪಡಸಾಲೆಯಲ್ಲಿ ಚನ್ನವೀರಪ್ಪನವರ ಕೊರಳಿಂದ ನಯವಾದ, ವಾರ್ತೆ ಓದುವವರಂಥ ಧ್ವನಿ ಹೊರಟಾಗ ಪ್ರಫುಲ್ಲಾ ಕೂಡಲೇ ಅದನ್ನು ಗುರುತಿಸಿದರು. ಅದು ಸ್ವರಕಡತ ಸಿಗದಿದ್ದಾಗ ಬಳಸಲೆಂದು ತಾವೇ ಇಟ್ಟಿದ್ದ ಬದಲಿ ಧ್ವನಿ.

"ಹಂಗಾರ ನನ್ನ ಧ್ವನಿ ಇದರಾಗ ಇಲ್ಲೇನ್ರಿ?"

ಪ್ರಫುಲ್ಲಾ ಪಟ್ಟಿಯನ್ನು ತಮ್ಮ ಗಣಕಕ್ಕೆ ಜೋಡಿಸಿ ಬಹಳ ಹೊತ್ತು ನೋಡಿದರು. "ಐತ್ರಿ. ಒಳಗನ ಐತಿ. ಬುತ್ತಿ ಚೀಲದಾಗ ಇಟ್ಕೊಂಡು, ಊರಾಗಿನ ಮನಿ ಕಪಾಟಿನಾಗ ಹುಡುಕಿದಂಗ ಆಗೈತಿ. ತಂತ್ರಾಂಶ ನಿಮ್ಮ ಕಡತಾನ ನಮ್ಮ ಪ್ರಯೋಗಾಲಯದ ಗಣಕದಾಗ ಹುಡುಕ್ತೈತಿ. ಅಲ್ಲಿಗೆ ಬಂದಾಗ ಸಿಗ್ತೈತಿ, ಇಲ್ಲಿ ಸಿಗೂದಿಲ್ಲ. ಸಿಗಲಿಲ್ಲ ಅಂತ ಹೇಳೂದೂ ಇಲ್ಲ."

"ಇಷ್ಟ ಏನ್ರಿ?"

"ಇಷ್ಟರಿ," ಎಂದರು ಪ್ರಫುಲ್ಲಾ ತಲೆ ತಗ್ಗಿಸಿ.

ಅಲ್ಲಿಯೇ ಕುಳಿತು ಬದಲಾಯಿಸಿದರು. ಪಟ್ಟಿ ಯಾವ ಊರಲ್ಲಿದ್ದರೂ ತಂತ್ರಾಂಶ ಮೊದಲು ತಾನಿರುವ ಕಟ್ಟಿನೊಳಗೇ ಹುಡುಕಬೇಕು. ಸಿಗದಿದ್ದರೆ ಕೆಂಪು ದೀಪ ಹೊತ್ತಿಸಬೇಕು. ಚನ್ನವೀರಪ್ಪ ಒಳಗೆ ಹೋಗಿ "ಅವ್ವಾ" ಎಂದರು.

ನೀಲವ್ವ ಎದ್ದು ಕುಳಿತಳು. "ಎಲ್ಲಿ ಹಾಳಾಗಿ ಹೋಗಿದ್ದೋ ಇಷ್ಟು ದಿನ? ಬಾಯಾಗ ಮಣ್ಣು ತುಂಬ್ಕೊಂಡಿದ್ದೇನ?" ಬೈಯುತ್ತಲೇ ಅವರ ಮುಖವನ್ನು ಎರಡೂ ಕೈಯಿಂದ ತಡವಿದಳು. ಬಾಗಿಲಲ್ಲಿ ನಿಂತಿದ್ದ ಪ್ರಫುಲ್ಲಾ ಸದ್ದಿಲ್ಲದೆ ಚಪ್ಪಲಿ ಮೆಟ್ಟಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಚನ್ನವೀರಪ್ಪ ಮತ್ತೆ ಧಾರವಾಡಕ್ಕೆ ಬಂದರು. ಅವರನ್ನು ಕಂಡು ಪ್ರಫುಲ್ಲಾ ಎದ್ದು ಬಂದರು.

"ಮತ್ತ ಕೆಟ್ಟೈತೇನ್ರಿ?"

"ಇಲ್ರಿ, ಚಲೋ ಐತಿ. ಅವ್ವ ಊಟ ಬಿಟ್ಟಾಳ. ಮಧ್ಯಾಹ್ನ ಮಾತಾಡಿಸಾಕ ಬರ್ತಿದ್ದ ಆ ಸಾಹೇಬ್ರು ಯಾಕ ಬರವಲ್ರು, ನೀನ ಏನರ ಅಂದಿ ಅಂತ ದಿನಾ ನನ್ನನ್ನ ಬೈತಾಳ." ಅವರು ಕೊರಳ ಪಟ್ಟಿಯನ್ನು ಮುಟ್ಟಿ ತೋರಿಸಿದರು. "ಆ ಧ್ವನೀನೂ ಇರ್ಲಿ ಅಂತ ಮಾಡ್ರಿ ಮೇಡಂ."

"ಅದು ನಮ್ಮ ತಪ್ಪಿನಿಂದ ಬಂದಿದ್ರಿ."

"ಇರ್ಲಿ ಬಿಡ್ರಿ. ಅವರ ಹತ್ರ ಆಕಿ ಏನೇನೋ ಹೇಳ್ಕೋತಾಳ. ನನ್ನ ಹತ್ರ ಹೇಳಂಗಿಲ್ಲ."

ಪ್ರಫುಲ್ಲಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎರಡೂ ಧ್ವನಿಗಳನ್ನು ಕಟ್ಟಿನೊಳಗಿಟ್ಟು, ಧ್ವನಿ ಬದಲಿಸಲು ಪಟ್ಟಿಯ ಅಂಚಿಗೆ ಒಂದು ಗುಂಡಿ ಕೂರಿಸಿದರು.

ಮರುದಿನ ಮಧ್ಯಾಹ್ನ ಚನ್ನವೀರಪ್ಪ ಗುಂಡಿ ಒತ್ತಿ ಮಂಚದ ಬಳಿ ಕುಳಿತರು. "ಹೆಂಗದೀರ್ರಿ, ಅವ್ವಾರ?"

ನೀಲವ್ವನ ಮುಖ ಅರಳಿತು. ಸೆರಗು ಸರಿಮಾಡಿಕೊಂಡಳು. "ಬರ್ರಿ, ಬರ್ರಿ. ಎಷ್ಟು ದಿನ ಆತ್ರಿ!" ಎಂದವಳು ಒಳಮನೆಯತ್ತ ತಿರುಗಿ ಕೂಗಿದಳು: "ಚನ್ನ್ಯಾ, ಸಾಹೇಬ್ರು ಬಂದಾರ. ಚಹಾ ಇಡೋ!"

ಅವರು ಎದ್ದು ಅಡುಗೆಮನೆಗೆ ಹೋದರು. ಗುಂಡಿ ಒತ್ತಿದರು.

"ಇಟ್ಟೆ, ಅವ್ವಾ."